ತನ್ನ ಮಾತಿನ ಕೆಳಗೆ ನಿಂತವಳು

ಟ್ರಕ್ಕು ಅವತ್ತೂ ಬಂತು. ಗುರೊ ಬಡಾವಣೆಯ ಗಾಜಿನ ಕಟ್ಟಡಗಳ ನಡುವಿನ ರಸ್ತೆಗೆ ಬೆಳಿಗ್ಗೆ ಆಫೀಸಿನವರ ಜೊತೆಯಲ್ಲೇ ಬಂದು, ಅವರೆಲ್ಲ ಒಳಗೆ ಹೋದ ಮೇಲೂ ಅಲ್ಲೇ ಗಿರಕಿ ಹೊಡೆಯುತ್ತಿತ್ತು. ಅದರ ಬೆನ್ನಿಗೆ ಮನೆಯ ಗೋಡೆಯಷ್ಟು ದೊಡ್ಡ ದೀಪದ ಹಲಗೆ. ಹಲಗೆಯ ತುಂಬ ಅಕ್ಷರ ಹರಿಯುತ್ತಿತ್ತು: "ತಾಕ್ ಮಿರಾನ್, ಆ ಒಂಬತ್ತು ಅಂಕ ಯಾರ ಮನೆಯ ಊಟದ ಋಣ?"

ಏಳನೇ ಮಹಡಿಯ ಕಿಟಕಿಯಲ್ಲಿ ತಾಕ್ ಮಿರಾನ್ ಬಾರ್ಲಿ ಚಹಾದ ಲೋಟ ಹಿಡಿದು ನಿಂತಿದ್ದಳು. ಐವತ್ತು ದಾಟಿದ ಹೆಂಗಸು. ಕತ್ತರಿಸಿದ ಕೂದಲು, ಅಗಲ ಭುಜ, ಎಡಗೈಯ ಹೆಬ್ಬೆರಳಿನಲ್ಲಿ ಹೊಲಿಗೆ ಯಂತ್ರದ ಸೂಜಿ ಹೊಕ್ಕು ಬಂದ ಹಳೆಯ ಗುರುತು. ತನ್ನ ಹೆಸರನ್ನು ಹೀಗೆ ಬೀದಿಯಲ್ಲಿ ಅವಳು ಹಿಂದೆ ಒಂದೇ ಸಲ ನೋಡಿದ್ದು, ಪೊಲೀಸರು ಹುಡುಕುತ್ತಿದ್ದಾಗ ಠಾಣೆಯ ಗೋಡೆಯ ಮೇಲೆ. ಆಗ ಅದನ್ನು ಓದಿ ಎದೆ ಉಬ್ಬಿತ್ತು. ಈಗ ಎರಡನೆಯ ಸಲ ಓದಲು ಮನಸ್ಸಾಗಲಿಲ್ಲ.

"ಅಕ್ಕಾ, ಕಿಟಕಿ ಬಿಟ್ಟು ಬನ್ನಿ," ಎಂದ ಸೊನು ದೋಕ್. ಅವಳು ಆಟಗಳ ವಿಮರ್ಶೆ ಬರೆಯುತ್ತಿದ್ದ ಪುಟ್ಟ ಅಂತರ್ಜಾಲ ಪತ್ರಿಕೆಯ ಸಂಪಾದಕ ಅವನು. ವಯಸ್ಸಿನಲ್ಲಿ ಅವಳಿಗಿಂತ ಕಿರಿಯ. "ಕೆಳಗಿಂದ ಫೋಟೋ ತೆಗೀತಾರೆ. ಬೆದರಿದ ತಾಕ್ ಮಿರಾನ್ ಅಂತ ಸಂಜೆಯೊಳಗೆ ಊರೆಲ್ಲ ಹಂಚ್ತಾರೆ."

"ಬೆದರಿದ ಹಾಗೆ ಕಾಣ್ತೀನಾ ನಾನು?"

"ಇಲ್ಲ. ಇಳಿದು ಬಂದು ಹೊಡೆಯೋ ಹಾಗೆ ಕಾಣ್ತೀರ. ಅದು ಇನ್ನೂ ಕೆಟ್ಟದ್ದು."

ಗಲಾಟೆ ಒಂದು ಆಟದ್ದು. ಹೆಸರು 'ಕಂದಕ'. ಎರಡು ತಂಡ, ನಡುವೆ ಮಣ್ಣಿನ ಕಂದಕ, ಎರಡೂ ಕಡೆ ಬಂದೂಕು. ಕಂಪ್ಯೂಟರ್ ಮುಂದೆ ಕೂತು ಒಬ್ಬರನ್ನೊಬ್ಬರು ಹೊಡೆದುರುಳಿಸುವುದು. ಮೊದಲನೆಯ ಕಂದಕ ಬಂದಾಗ ಆಡಿದವರಿಗೆ ಈಗ ತಲೆ ನರೆತಿದೆ. ಮೊನ್ನೆ ಬಂದದ್ದು ಆರನೆಯದು. ನಾಲ್ಕು ಮತ್ತು ಐದರಲ್ಲಿ ಕಂಪನಿಯವರಿಗೆ ದುರಾಸೆ ಹತ್ತಿತ್ತು. ಒಳ್ಳೆಯ ಬಂದೂಕು ಬೇಕಾದರೆ ಕಾಸು ಬಿಚ್ಚಬೇಕು, ಇಲ್ಲದವನು ಹೋಗಿ ಸಾಯಬೇಕು. ಆಗ ಮಿರಾನ್ ಆ ಎರಡನ್ನೂ ಹಿಡಿದು ಉಗಿದಿದ್ದಳು. "ಇದು ಆಟವಲ್ಲ, ಬಾಡಿಗೆ ವಸೂಲಿ" ಎಂದು ಬರೆದದ್ದು ಜನರ ಬಾಯಲ್ಲಿ ನಿಂತುಬಿಟ್ಟಿತ್ತು. ಹಾಗಾಗಿ ಆರನೆಯದಕ್ಕೆ ಅವಳು ಹತ್ತಕ್ಕೆ ಒಂಬತ್ತು ಕೊಟ್ಟು, "ಇಲ್ಲಿ ಗೆಲ್ಲುವುದು ಕೈ, ಕಿಸೆಯಲ್ಲ" ಎಂದು ಬರೆದಾಗ, ಜನ ನಂಬಿ ಆಟಕ್ಕೆ ಬಿದ್ದರು.

ಈಗ ಅದೇ ಜನ ಟ್ರಕ್ಕು ಕಳಿಸಿದ್ದರು.

ಮಿರಾನ್ ಈ ಕಸುಬಿಗೆ ಬಂದದ್ದು ಓದಿನಿಂದ ಅಲ್ಲ. ಇದೇ ರಸ್ತೆಯಲ್ಲಿ, ಈ ಗಾಜಿನ ಕಟ್ಟಡ ಏಳುವ ಮುಂಚೆ ಹೊಲಿಗೆ ಕಾರ್ಖಾನೆ ಇತ್ತು. ಹದಿನೆಂಟಕ್ಕೇ ಅಲ್ಲಿ ಅಂಗಿಯ ತೋಳು ಹೊಲಿಯಲು ಕೂತವಳು. ಕೂಲಿ ಜಾಸ್ತಿ ಮಾಡಿ ಎಂದು ಹುಡುಗಿಯರು ಯಂತ್ರ ನಿಲ್ಲಿಸಿದಾಗ, ಅಕ್ಷರ ದುಂಡಗೆ ಬರುತ್ತದೆಂದು ಬ್ಯಾನರ್ ಬಟ್ಟೆ ಬರೆಯುವ ಕೆಲಸ ಇವಳ ಪಾಲಿಗೆ ಬಂತು. ಅಶ್ರುವಾಯು ಕುಡಿದಳು, ಲಾಠಿ ತಿಂದಳು, ಸ್ವಲ್ಪ ಕಾಲ ಒಳಗೂ ಇದ್ದು ಬಂದಳು. ಹೊರಗೆ ಬರುವಷ್ಟರಲ್ಲಿ ಕಾರ್ಖಾನೆ ಬೇರೆ ದೇಶಕ್ಕೆ ಹೋಗಿತ್ತು. ಇವಳ ಹೆಸರು ಕೇಳಿದರೆ ಯಾವ ಮಾಲೀಕನೂ ಬಾಗಿಲು ತೆರೆಯುತ್ತಿರಲಿಲ್ಲ. ಕೊನೆಗೆ ಕೆಲಸ ಕೊಟ್ಟವನು ಗು ಬೊಕ್ನಾಮ್. ಅವನದು ಪೀಸಿ ಬಾಂಗ್. ಸಾಲಾಗಿ ಕಂಪ್ಯೂಟರ್ ಇಟ್ಟು, ಗಂಟೆಯ ಲೆಕ್ಕದಲ್ಲಿ ಆಟ ಆಡಲು ಬಿಟ್ಟು, ಕೂತಲ್ಲಿಗೇ ರಾಮ್ಯೋನ್ ನೂಡಲ್ಸ್ ಬೇಯಿಸಿ ತಂದುಕೊಡುವ ಅಂಗಡಿ. ಮಿರಾನ್ ಅಲ್ಲಿ ಗಲ್ಲಾ ನೋಡಿಕೊಳ್ಳುತ್ತ, ಗಿರಾಕಿ ಕಡಿಮೆ ಇದ್ದಾಗ ಖಾಲಿ ಕುರ್ಚಿಯಲ್ಲಿ ಕೂತು ಬಂದೂಕು ಹಿಡಿದಳು. ಸೂಜಿಯ ಕೆಳಗೆ ಬಟ್ಟೆ ಓಡಿಸಿದ ಕೈ, ಗುರಿ ತಪ್ಪುತ್ತಿರಲಿಲ್ಲ. ಆಡಿದ್ದರ ಬಗ್ಗೆ ಅನಿಸಿದ್ದನ್ನು ಅಂತರ್ಜಾಲದ ಚರ್ಚೆಯ ಪುಟಗಳಲ್ಲಿ ಮುಖ ಮೋರೆ ನೋಡದೆ ಬರೆದಳು. ಓದುವವರು ಹುಟ್ಟಿಕೊಂಡರು.

ಅವಳದು ಒಂದು ಹಟ ಇತ್ತು. ಹೊಸ ಆಟ ಬರುವ ಮುಂಚೆ ಕಂಪನಿಯವರು ವಿಮರ್ಶಕರನ್ನು ಹೋಟೆಲಿಗೆ ಕರೆದು, ದನದ ಮಾಂಸ ಸುಟ್ಟು ಬಡಿಸಿ, ತಮ್ಮದೇ ಯಂತ್ರದಲ್ಲಿ ಆಡಿಸುತ್ತಾರೆ. ಮಿರಾನ್ ಒಮ್ಮೆಯೂ ಹೋದವಳಲ್ಲ. ಎಲ್ಲರ ಜೊತೆ ಬಿಡುಗಡೆಯ ದಿನವೇ ಗು ಬೊಕ್ನಾಮ್‌ನ ಪೀಸಿ ಬಾಂಗ್‌ಗೆ ಹೋಗಿ, ಮೂಲೆಯ ತನ್ನ ಕುರ್ಚಿಯಲ್ಲಿ ಕೂತು, ತನ್ನ ದುಡ್ಡಲ್ಲೇ ಆಡಿ ಬರೆಯುತ್ತಿದ್ದಳು. "ನಾನು ಜನರ ಪಕ್ಕ ಕೂತು ಆಡೋಳು" ಎಂದು ಹೇಳಿಕೊಳ್ಳುವಾಗ ಅವಳ ದನಿಯಲ್ಲಿ ಕೊಂಚ ಜಂಬವೂ ಇರುತ್ತಿತ್ತು. ಈ ಸಲವೂ ಹೋಟೆಲಿನಲ್ಲಿ ಉಂಡವರು ಎಂಟು, ಒಂಬತ್ತು ಅಂತ ಕೊಟ್ಟರು. ಅವರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಂಪನಿಗೆ ಬೇಕಾಗಿದ್ದದ್ದೂ ಮಿರಾನ್‌ಳ ಮಾತೇ.

"ಶನಿವಾರ ಪಂದ್ಯಾವಳಿ ಶುರು," ಎಂದ ಸೊನು ದೋಕ್, ಫೋನು ತೋರಿಸುತ್ತ. "ಕ್ರೀಡಾಂಗಣದ ಮುಂದೆ ನಿಮ್ಮ ಮಾತನ್ನೇ ಬ್ಯಾನರ್ ಮಾಡಿ ತೂಗುಹಾಕ್ತಾರಂತೆ. ಮೂರು ಮಹಡಿ ಎತ್ತರ. ನಾನು ಆಗಲಿ ಅಂದೆ."

"ನನ್ನನ್ನ ಕೇಳ್ದೆ?"

"ಖುಷಿ ಪಡ್ತೀರ ಅನ್ಕೊಂಡೆ."

ಮಿರಾನ್ ಲೋಟ ಕೆಳಗಿಟ್ಟಳು. ಕೆಳಗಿಂದ ಹಾರ್ನ್ ಕೇಳಿತು. "ಮೊದಲು ಈ ಪೀಡೆಯನ್ನ ಮಾತಾಡಿಸಿ ಬರ್ತೀನಿ," ಎಂದು ಹೊರಟೇಬಿಟ್ಟಳು.

ಟ್ರಕ್ಕು ಮೂಲೆಯಲ್ಲಿ ನಿಂತಿತ್ತು. ಒಳಗೆ ಅರವತ್ತರ ಆಸುಪಾಸಿನ ಚಾಲಕ ಅನ್ನದ ಕಿಂಬಾಪ್ ಸುರುಳಿ ತಿನ್ನುತ್ತಿದ್ದ. ಅವನ ಅಂಗಿಯ ಮೇಲೆ ಮೆಂಗ್ ಎಂದು ಹೊಲಿದಿತ್ತು. ಮಿರಾನ್ ಗಾಜು ತಟ್ಟಿದಳು.

"ಏನಣ್ಣಾ, ನನ್ನ ಹೆಸರು ಬೆನ್ನಿಗೆ ಕಟ್ಕೊಂಡು ಬೀದಿ ಸುತ್ತಾ ಇದೀಯಲ್ಲ, ನಿನಗೇನು ಮಾಡಿದೀನಿ ನಾನು?"

ಮೆಂಗ್ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಬೋರ್ಡ್‌ನಲ್ಲಿರೋದು ನೀವೇನಾ ಅಕ್ಕಾ? ನಾನು ಯಾರೋ ಸಿನಿಮಾದವಳು ಅನ್ಕೊಂಡಿದ್ದೆ."

"ನಿರಾಸೆ ಆಯ್ತಾ?"

"ಸ್ವಲ್ಪ ಆಯ್ತು."

"ಕಳಿಸಿದೋರು ಎಲ್ಲಿ? ಅವರನ್ನ ಕರಿ, ಮಾತಾಡೋಣ."

"ಯಾರೂ ಬರಲ್ಲ. ಆಟದ ಹುಡುಗರು ಚಂದಾ ಎತ್ತಿ ಫೋನಲ್ಲೇ ಗಾಡಿ ಗೊತ್ತುಮಾಡ್ತಾರೆ. ಅಕ್ಷರನೂ ಫೋನಲ್ಲೇ ಬರತ್ತೆ. ಹೋದ ವಾರ ಮೀನು ಹಿಡಿಯೋ ಆಟದವರ ಕಂಪನಿ ಮುಂದೆ ಇದ್ದೆ. ಮೀನು ಕಚ್ತಾ ಇಲ್ಲ ಅಂತ ಸಿಟ್ಟಂತೆ. ನನಗೆ ಇದರ ಗಂಧಗಾಳಿ ಗೊತ್ತಿಲ್ಲ."

"ನಮ್ಮ ಕಾಲದಲ್ಲಿ ಬಟ್ಟೆ ನಾವೇ ಹಿಡ್ಕೊಂಡು ನಿಲ್ತಿದ್ವಿ. ಲಾಠಿ ಬಿದ್ದರೂ ಬಿಡ್ತಿರ್ಲಿಲ್ಲ."

"ಈಗ ಯಾರಿಗೂ ಲಾಠಿ ಬೀಳಲ್ಲ, ನನಗೂ ಒಂದು ಕೆಲಸ ಆಯ್ತು," ಎಂದ ಮೆಂಗ್, ಅನ್ನದ ಅಗುಳು ಒರೆಸಿಕೊಳ್ಳುತ್ತ. "ಅದರಲ್ಲಿ ಕೆಟ್ಟದ್ದೇನಿದೆ ಅಕ್ಕಾ?"

ಮಿರಾನ್ ಕಟ್ಟಡದ ಕಡೆ ಹೊರಟಳು. ತಿರುಗುವಾಗ ಹಲಗೆಯ ಮೇಲೆ ಹೊಸ ಸಾಲು ಹರಿಯುತ್ತಿತ್ತು. ಏಳನೇ ಮಹಡಿಯಿಂದ ಓದುವಷ್ಟು ದೊಡ್ಡದಲ್ಲ. ಸಣ್ಣ ಅಕ್ಷರ, ಬೈಗುಳವೂ ಅಲ್ಲ. "ನಮ್ಮ ಹಾಗೆ ಮನೆಯಲ್ಲಿ ಕೂತು ಒಮ್ಮೆ ಆಡಿದ್ದೀರಾ?"

ಆಡಿರಲಿಲ್ಲ. ಅವಳ ಮನೆಯ ಕಂಪ್ಯೂಟರ್ ಬರೆಯುವುದಕ್ಕಷ್ಟೇ ಲಾಯಕ್ಕು. ಲೇಖನದ ಕೆಳಗೆ ಓದುಗರು ಬರೆದದ್ದನ್ನೂ ಅವಳು ಓದುವವಳಲ್ಲ. ಬೈಗುಳ ಓದುತ್ತ ಕೂತರೆ ಮುಂದಿನದು ಬರೆಯಲಾಗುವುದಿಲ್ಲ ಎಂಬುದು ಅವಳ ವಾದ.

ಮೇಲೆ ಬಂದವಳೇ ಸೊನು ದೋಕ್‌ನನ್ನು ಅವನ ಕುರ್ಚಿಯಿಂದ ಎಬ್ಬಿಸಿದಳು. ಅವನ ಯಂತ್ರದಲ್ಲಿ ಕಂದಕ ಆರು ತೆರೆದು, ತನ್ನ ಹೆಸರಲ್ಲೇ ಒಳಹೊಕ್ಕಳು. ಆಟದಲ್ಲಿ ಅವಳ ಹೆಸರು 'ಹೊಲಿಗೆಯವಳು'. ಬಂದೂಕಿನ ಕಪಾಟು ತೆರೆಯಿತು. ಗು ಬೊಕ್ನಾಮ್‌ನ ಅಂಗಡಿಯಲ್ಲಿ ಅವಳು ವಾರವೆಲ್ಲ ಎತ್ತಿ ಆಡಿದ, ಒಂದೊಂದನ್ನೂ ತೂಗಿ ನೋಡಿ ಮೆಚ್ಚಿಕೊಂಡಿದ್ದ ಬಂದೂಕುಗಳೆಲ್ಲ ಅಲ್ಲಿದ್ದವು. ಬೂದಿಯ ಬಣ್ಣ. ಒಂದೊಂದರ ಮೇಲೂ ಬೀಗ. ಕೆಳಗೆ ಬರೆದಿತ್ತು: ತೆರೆಯಲು ನೂರು ಗಂಟೆ ಆಡಿ, ಅಥವಾ ಕೊಳ್ಳಿ. ಬೀಗ ಇಲ್ಲದ್ದು ಒಂದೇ, ಗಿಡ್ಡನೆಯ ಹಳೆಯ ಬಂದೂಕು.

"ನಿನ್ನ ಯಂತ್ರ ಕೆಟ್ಟಿದೆಯಾ?"

"ಯಂತ್ರಕ್ಕೇನಾಗಿದೆ ಅಕ್ಕಾ."

ಆ ಗಿಡ್ಡ ಬಂದೂಕು ಹಿಡಿದು ಕಂದಕಕ್ಕೆ ಇಳಿದಳು. ತಲೆ ಎತ್ತಿದ ಕೂಡಲೇ ಸತ್ತಳು. ಮತ್ತೆ ಎದ್ದಳು, ಮಣ್ಣುಗೋಡೆಗೆ ಒತ್ತಿಕೊಂಡು ತೆವಳಿದಳು, ಮತ್ತೆ ಸತ್ತಳು. ಹೊಡೆಯುವವರು ಎಲ್ಲೋ ದೂರದಲ್ಲಿದ್ದರು. ಇವಳ ಗುಂಡು ಅಲ್ಲಿಯವರೆಗೆ ಹೋಗುತ್ತಲೇ ಇರಲಿಲ್ಲ. ಸೊನು ದೋಕ್ ಅವಳ ಬೆನ್ನ ಹಿಂದೆ ನಿಂತಿದ್ದ. ಅವಳು ಇಷ್ಟು ಸಲ ಸಾಯುವುದನ್ನು ಅವನು ನೋಡಿರಲಿಲ್ಲ.

ಮಿರಾನ್ ಕೈ ತೆಗೆದಳು. ಬೀಗದ ಮರ್ಮ ಈಗ ಹೊಳೆಯಿತು.

ಪೀಸಿ ಬಾಂಗ್‌ನವರು ಆಟದ ಕಂಪನಿಗೆ ದುಡ್ಡು ಕಟ್ಟುತ್ತಾರೆ. ಅದಕ್ಕೆ ಬದಲಾಗಿ ಅಲ್ಲಿ ಕೂತು ಆಡುವವರಿಗೆ ಕಂಪನಿ ಏನಾದರೂ ಚಿಲ್ಲರೆ ಕಾಣಿಕೆ ಕೊಡುತ್ತದೆ. ಇದು ಊರಿಗೇ ಗೊತ್ತಿರುವ ಪದ್ಧತಿ. ಹಿಂದೆಲ್ಲ ಒಂದೆರಡು ಬಂದೂಕು ಕೊಟ್ಟು, ಇದು ಪೀಸಿ ಬಾಂಗ್‌ನದು ಎಂದು ಕೆಂಪು ಗುರುತು ಹಚ್ಚುತ್ತಿದ್ದರು. ಈ ಸಲ ಗುರುತು ತೆಗೆದು, ಇಡೀ ಕಪಾಟನ್ನೇ ತೆರೆದಿಟ್ಟಿದ್ದರು. ಅವಳು ಗುರುತಿಲ್ಲ ಎಂದು ನೋಡಿದಳೇ ಹೊರತು ಬೇರೆ ಕಡೆ ಕೂತು ನೋಡಲಿಲ್ಲ. ಹೋಟೆಲಿನ ಮಾಂಸ ತಿಂದವರು ಯಾವ ಆಟ ಆಡಿದರೋ, ರಾಮ್ಯೋನ್ ತಿಂದ ಇವಳೂ ಅದೇ ಆಟ ಆಡಿದ್ದಳು.

"ಇವತ್ತೇ ತಿದ್ದುಪಡಿ ಬರೀತೀನಿ," ಎಂದಳು.

"ಅಕ್ಕಾ, ಕೂತ್ಕೊಳ್ಳಿ. ಟ್ರಕ್ ಬಂದ ಮೇಲೆ ಅಂಕ ಬದಲಾಯಿಸಿದರೆ ಏನಾಗತ್ತೆ ಯೋಚನೆ ಮಾಡಿ. ನಾಳೆ ಎಲ್ಲರೂ ಟ್ರಕ್ ಕಳಿಸ್ತಾರೆ. ಯಾರ ಟ್ರಕ್ ದೊಡ್ಡದೋ ಅವರ ಅಂಕ."

"ನೀನು ಹೇಳೋದು ಸುಳ್ಳಲ್ಲ."

"ಮತ್ತೆ?"

"ನಾನು ಬರೆದಿದ್ದು ಸುಳ್ಳು."

ಅವನು ಮಾತು ಬದಲಿಸಿದ. "ಸೋಮವಾರ ಹಾಕೋಣ. ಪಂದ್ಯ ಮುಗಿದಿರತ್ತೆ, ಬ್ಯಾನರ್ ಇಳಿದಿರತ್ತೆ, ಯಾರ ಮುಖಕ್ಕೂ ಮಸಿ ಹತ್ತಲ್ಲ."

"ಮಸಿ ಮೂರು ಮಹಡಿ ಎತ್ತರ ತೂಗ್ತಾ ಇರತ್ತೆ ಕಣೋ, ನನ್ನ ಹೆಸರಲ್ಲಿ. ಅದನ್ನ ಓದಿ ಒಳಗೆ ಹೋಗೋರು ನನ್ನ ನಂಬಿ ಹೋಗ್ತಾರೆ."

ಬ್ಯಾನರ್ ಬೇಡ ಎನ್ನಲು ಅವಳು ಆಟದ ಕಂಪನಿಗೆ ಫೋನು ಮಾಡಿದಳು. ಪ್ರಚಾರದ ವಿಭಾಗದ ಹೆಣ್ಣುದನಿ ಜೇನಿನಷ್ಟು ಸವಿಯಾಗಿತ್ತು: ಬಟ್ಟೆ ಆಗಲೇ ಅಚ್ಚಾಗಿದೆ, ನಿಮ್ಮ ಸಂಪಾದಕರು ಒಪ್ಪಿಗೆ ಕೊಟ್ಟಿದ್ದಾರೆ, ನಿಮ್ಮ ಪ್ರೀತಿಗೆ ನಾವು ಋಣಿಗಳು. ಮಿರಾನ್ ತಿದ್ದುಪಡಿ ಬರೆದು ಸಂಪಾದಕನ ಮೇಜಿಗೆ ಕಳಿಸಿದಳು. ಅದನ್ನು ಜನರ ಮುಂದಿಡುವ ಗುಂಡಿ ಅವನ ಕೈಯಲ್ಲಿತ್ತು. ಅವನು ಒತ್ತಲಿಲ್ಲ.

ಸಂಜೆ ಗು ಬೊಕ್ನಾಮ್‌ನ ಅಂಗಡಿಗೆ ಹೋದಳು. ಒಂದು ಕುರ್ಚಿಯೂ ಖಾಲಿ ಇರಲಿಲ್ಲ, ಅವಳ ಮೂಲೆಯದನ್ನು ಬಿಟ್ಟು. ವರ್ಷಗಳಿಂದ ಗು ಆ ಕುರ್ಚಿಯನ್ನು ಅವಳಿಗೆಂದೇ ಕಾಯುತ್ತಿದ್ದ.

"ಯಜಮಾನ್ರೇ, ಬಂದೂಕೆಲ್ಲ ಇಲ್ಲಿ ಮಾತ್ರ ತೆರೆದಿರತ್ತೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಅದಕ್ಕೇ ಅಲ್ವಾ ಇಷ್ಟು ಜನ."

"ನನಗೆ ಯಾಕೆ ಹೇಳ್ಲಿಲ್ಲ?"

ಗು ನಿಜವಾಗಿಯೂ ಬೆರಗಾದ. "ತಾಕ್ ಮಿರಾನ್‌ಗೆ ನಾನು ಹೇಳಿಕೊಡೋದಾ? ನಿನಗೆ ಗೊತ್ತಿಲ್ಲ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ." ಆಮೇಲೆ ಅವಳ ಮುಖ ನೋಡಿ ಅವನ ದನಿ ತಗ್ಗಿತು. "ಬರೀತೀಯಾ?"

"ಬರೆದಾಗಿದೆ. ಹಾಕಿಲ್ಲ."

"ಮಿರಾನ್, ಹೋದ ವರ್ಷ ಪೂರ್ತಿ ಇಲ್ಲಿ ಅರ್ಧ ಕುರ್ಚಿ ಖಾಲಿ ಹೊಡೀತಿತ್ತು. ಅಂಗಡಿ ಮುಚ್ಚೋ ಮಾತಾಡ್ತಿದ್ದೆ. ಈಗ ಉಸಿರು ಬಂದಿದೆ. ನೀನು ಬರೆದು ಕಂಪನಿಯವರು ಮನೆಯೋರಿಗೂ ಬೀಗ ತೆಗೆದರೆ ಇಲ್ಲಿಗೆ ಯಾರು ಬರ್ತಾರೆ? ಯಾರೂ ಕೆಲಸ ಕೊಡದಿದ್ದಾಗ ಈ ಗಲ್ಲಾ ಮುಂದೆ ಕೂರಿಸಿದೋನು ನಾನು."

"ಮರೆತಿಲ್ಲ."

"ನೆನಪಿದ್ದರೆ ಸಾಕಾ?"

ಮಿರಾನ್ ಕೂರಲಿಲ್ಲ. ಗು ಅವಳಿಗೆಂದು ಒಲೆಯ ಮೇಲಿಟ್ಟಿದ್ದ ನೀರು ಕುದಿಯುತ್ತಲೇ ಇತ್ತು.

ಶನಿವಾರ ಬೆಳಿಗ್ಗೆ ಕ್ರೀಡಾಂಗಣದ ಮುಂದೆ ಜನ ಆಗಲೇ ಸಾಲುಗಟ್ಟಿದ್ದರು. ಮೂರು ಮಹಡಿಯ ನೀಲಿ ಬಟ್ಟೆ ಗಾಳಿಗೆ ಪಟಪಟ ಎನ್ನುತ್ತಿತ್ತು: "ಇಲ್ಲಿ ಗೆಲ್ಲುವುದು ಕೈ, ಕಿಸೆಯಲ್ಲ. ತಾಕ್ ಮಿರಾನ್." ಮಿರಾನ್ ಅದರ ನೇರ ಕೆಳಗೆ ಬಂದು ನಿಂತಳು. ಚೀಲದಿಂದ ತನ್ನ ಬಟ್ಟೆ ತೆಗೆದು ಕೊರಳಿಗೆ ಹಾಕಿಕೊಂಡಳು. ಬಿಳಿಯ ಒರಟು ಕಾಡಾ ಬಟ್ಟೆ; ಏಪ್ರನ್ ಹಾಗೆ ತೊಡಲು ಭುಜಕ್ಕೆ ಪಟ್ಟಿ ಹೊಲಿದಿದ್ದಳು. ಕುಂಚ ಹಿಡಿದು ಎಷ್ಟೋ ಕಾಲವಾಗಿತ್ತು, ಅಕ್ಷರ ಮಾತ್ರ ಹಾಗೇ ದುಂಡಗೆ ಬಂದಿತ್ತು: "ಮೇಲಿರುವ ಮಾತು ನನ್ನದು. ಅದು ತಪ್ಪು. ಮನೆಯಲ್ಲಿ ಕೂತು ಆಡುವವನ ಬಂದೂಕಿಗೆ ಬೀಗ ಇದೆ. ತಾಕ್ ಮಿರಾನ್."

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಸಾಲಿನಲ್ಲಿದ್ದವರು ಮೇಲೆ ನೋಡಿದರು, ಕೆಳಗೆ ನೋಡಿದರು. ಆಮೇಲೆ ಒಂದೊಂದೇ ಫೋನು ಎದ್ದಿತು. ಕಪ್ಪು ಕೋಟಿನ ಕಾವಲಿನವನು ಓಡಿ ಬಂದ, ಅವನ ಹಿಂದೆಯೇ ಒಬ್ಬ ಪೊಲೀಸಿನವನೂ ಬಂದ.

"ಪ್ರತಿಭಟನೆ ಮಾಡೋಕೆ ಮೊದಲೇ ತಿಳಿಸಿರಬೇಕು. ಗೊತ್ತಲ್ಲ?" ಎಂದ ಪೊಲೀಸಿನವನು.

"ಒಬ್ಬಳೇ ನಿಂತರೆ ಬೇಕಾಗಿಲ್ಲ. ಎಣಿಸಿ ನೋಡಿ."

ಪೊಲೀಸಿನವನು ಎಣಿಸುವವನಂತೆ ಸುತ್ತ ನೋಡಿದ. ಕಾನೂನು ಅವಳ ಕಡೆಯೇ ಇತ್ತು. ಒಬ್ಬರು ನಿಂತರೆ ನಿಲ್ಲುವುದು, ಇಬ್ಬರು ನಿಂತರೆ ಸಭೆ. ಕಾವಲಿನವನು ಕಿವಿಯ ತಂತಿಯಲ್ಲಿ ಯಾರಿಗೋ ಪಿಸುಗುಟ್ಟಿದ. ಮಿರಾನ್ ಎರಡೂ ಕಾಲು ಅಗಲಿಸಿ ಊರಿದಳು. ಇನ್ನೊಬ್ಬನನ್ನು ತಂದು ಪಕ್ಕದಲ್ಲಿ ನಿಲ್ಲಿಸಿದರೆ ಮುಗಿಯಿತು, ಎತ್ತಿ ಹಾಕಿಕೊಂಡು ಹೋಗಬಹುದು. ಆ ಆಟವನ್ನು ಅವಳು ಹಿಂದೆ ನೋಡಿದ್ದಳು. ಹಾಗಾಗಿ ಹತ್ತಿರ ಬರುವ ಒಂದೊಂದು ಚಪ್ಪಲಿಯನ್ನೂ ನೋಡುತ್ತ ನಿಂತಳು.

ಸಾಲಿನಿಂದ ಯಾರೋ ಕೂಗಿದರು: "ಟ್ರಕ್ ನೋಡಿ ಪುಕ್ಕಲಾದ್ರಾ ಚಿಕ್ಕಮ್ಮಾ?"

"ಟ್ರಕ್ ನೋಡಿ ಆಡಿದೆ. ಆಡಿ ಪುಕ್ಕಲಾದೆ."

ಒಂದಿಬ್ಬರು ನಕ್ಕರು. ಇನ್ನೊಬ್ಬ ಕೇಳಿದ, "ಹಂಗಾದ್ರೆ ಈಗ ಅಂಕ ಎಷ್ಟು?"

"ನಾಲ್ಕು. ಗುಂಡು ಹಾರೋದು ಚೆನ್ನಾಗಿದೆ, ಅದಕ್ಕೆ ನಾಲ್ಕು."

ಆಗ ರಸ್ತೆಯಂಚಿನಲ್ಲಿ ಅದೇ ಟ್ರಕ್ಕು ಬಂದು ನಿಂತಿತು. ಹಲಗೆಯಲ್ಲಿ ಊಟದ ಋಣದ ಸಾಲು ಇನ್ನೂ ಹರಿಯುತ್ತಿತ್ತು. ಮೆಂಗ್ ಇಳಿದು, ಕಾಗದದ ಲೋಟದಲ್ಲಿ ಬಿಸಿ ಚಹಾ ಹಿಡಿದು ಅವಳತ್ತಲೇ ನಡೆದು ಬಂದ. ಕಾವಲಿನವನ ಕಣ್ಣು ಅರಳಿತು.

"ಅಲ್ಲೇ ನಿಲ್ಲಣ್ಣಾ," ಎಂದಳು ಮಿರಾನ್. "ನೀನು ಪಕ್ಕ ಬಂದರೆ ಇಬ್ಬರಾಗ್ತೀವಿ. ಇಬ್ಬರಾದರೆ ಗುಂಪು."

"ಚಹಾ ಕೊಟ್ಟರೂ ಗುಂಪಾ?"

"ನೆಲದ ಮೇಲಿಟ್ಟು ಹೋಗು."

ಮೆಂಗ್ ದೂರದಲ್ಲೇ ಬಗ್ಗಿ ಲೋಟ ಇಟ್ಟ, ಕಾಲಿನಿಂದ ಮೆಲ್ಲಗೆ ಮುಂದೆ ಸರಿಸಿದ. ಪೊಲೀಸಿನವನು ಆಕಾಶ ನೋಡಿದ. "ಬೋರ್ಡ್ ಆರಿಸಲಾ ಅಕ್ಕಾ?" ಎಂದ ಮೆಂಗ್. "ಕೆಟ್ಟೋಯ್ತು ಅಂತ ಹೇಳ್ತೀನಿ."

"ಬೇಡ. ಅವರು ಚಂದಾ ಎತ್ತಿ ಕಳಿಸಿದ್ದು. ಓಡಲಿ."

ಮಧ್ಯಾಹ್ನದ ಹೊತ್ತಿಗೆ ಕಂಪನಿಗೆ ಸಂಕಟ ಹತ್ತಿತು. ಬಂದವರೆಲ್ಲ ಬ್ಯಾನರ್‌ನ ಚಿತ್ರ ತೆಗೆಯುತ್ತಿದ್ದರು. ತೆಗೆದ ಒಂದೊಂದು ಚಿತ್ರದಲ್ಲೂ ಅದರ ಕೆಳಗೆ ಬಿಳಿ ಬಟ್ಟೆಯ ಈ ಹೆಂಗಸು. ಕೊನೆಗೆ ಚಾವಣಿಯ ಮೇಲೆ ಇಬ್ಬರು ಕಾಣಿಸಿಕೊಂಡು ಹಗ್ಗ ಬಿಚ್ಚಿದರು. ನೀಲಿ ಬಟ್ಟೆ ಮುದುರಿಕೊಂಡು, ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಂಡು, ಎಳೆದಾಡಿಸಿಕೊಂಡು ಕೆಳಗೆ ಬಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಾಲು ಮುಂದೆ ಸರಿಯಿತು, ಜನ ಟಿಕೆಟ್ ತೋರಿಸಿ ಒಳಗೆ ಹೋದರು.

ಅವಳ ಫೋನು ಅದುರಿತು. "ಹಾಕ್ತಾ ಇದೀನಿ ಅಕ್ಕಾ," ಎಂದ ಸೊನು ದೋಕ್. "ಇನ್ನೂ ಹಾಕದಿದ್ರೆ ಮುಂದಿನ ಟ್ರಕ್ ಮೇಲೆ ನನ್ನ ಹೆಸರು."

"ಹಳೇದನ್ನ ಅಳಿಸಬೇಡ. ಕೆಳಗೆ ಹಾಗೇ ಇರಲಿ, ಒಂಬತ್ತರ ಸಮೇತ. ಮೇಲೆ ಹೊಸದು ಹಾಕು."

"ಓದೋರು ನಗ್ತಾರೆ."

"ನಗಲಿ."

ಬಟ್ಟೆ ಮಡಚಿ ಚೀಲಕ್ಕೆ ತುರುಕಿ, ಆರಿದ ಚಹಾ ಒಂದೇ ಗುಟುಕಿಗೆ ಕುಡಿದು ಹೊರಟಳು. ಕಾಲು ತಾನಾಗಿಯೇ ಗು ಬೊಕ್ನಾಮ್‌ನ ಅಂಗಡಿಯ ಮೆಟ್ಟಿಲು ಹತ್ತಿತು. ಬಾಗಿಲ ಹತ್ತಿರ ಒಂದು ಕ್ಷಣ ನಿಂತು, ತನ್ನ ಮೂಲೆ ಇಣುಕಿ ನೋಡಿದಳು. ಕುರ್ಚಿ ಖಾಲಿ ಇತ್ತು. ಹೋಗಿ ಕೂತಳು.

ಗು ಎದ್ದು ಒಲೆ ಹೊತ್ತಿಸಿದ. ಸ್ವಲ್ಪ ಹೊತ್ತಿಗೆ ರಾಮ್ಯೋನ್ ಬಟ್ಟಲು ತಂದು ಅವಳ ಮುಂದೆ ಕುಕ್ಕಿದ. ಕೆಲಸಕ್ಕೆ ಸೇರಿದ ದಿನದಿಂದ ಅವಳ ಬಟ್ಟಲಿಗೆ ಅವನು ಕೇಳದೆಯೇ ಮೊಟ್ಟೆ ಒಡೆದು ಹಾಕುತ್ತಿದ್ದ. ಇವತ್ತು ಬರೀ ಸಾರು, ಎಳೆ, ಈರುಳ್ಳಿ ಸೊಪ್ಪು.

"ಮೊಟ್ಟೆ ಎಲ್ಲಿ ಯಜಮಾನ್ರೇ?"

"ಬೀಗ ಹಾಕಿದೀನಿ," ಎಂದ ಗು, ಬಟ್ಟೆಯಿಂದ ಮೇಜು ಒರೆಸುತ್ತ, ಅವಳ ಮುಖ ನೋಡದೆ. "ನೂರು ಗಂಟೆ ಆಡು. ತೆಗೀತೀನಿ."

ಮಿರಾನ್ ಊಟದ ಜೋಡಿ ಕಡ್ಡಿ ಬಿಡಿಸಿಕೊಂಡು ಉಣ್ಣತೊಡಗಿದಳು. ಎಡಗೈಯಿಂದ ಯಂತ್ರದ ಗುಂಡಿ ಒತ್ತಿದಳು.